ಬ್ರೆಡ್ ಪ್ಯಾಕೆಟ್ಟಿನ ಹಿಂದಿರುವ ಸುಬ್ಬರಾವ್



ಇಲ್ಲಿಗೆ ಓದೋಕೆ ಬಂದ ಹೊಸದರಲ್ಲಿ ನಾವೆಲ್ಲ ಮಾಡುವ ಒಂದು ಕೆಲಸ ಇದೆ. ಅಂಗಡಿಯಲ್ಲಿ ಬ್ರೆಡ್ ಪ್ಯಾಕೆಟ್ ತಿರುಗಿಸಿ, ಅದರಲ್ಲಿ ಮೊಟ್ಟೆ ಇದೆಯಾ, ಇನ್ನೇನಾದರೂ ಸೇರಿಸಿದ್ದಾರಾ ಅಂತ ಸಣ್ಣಕ್ಷರದ ಪಟ್ಟಿ ಓದುವುದು. ಹಾಗೆ ಓದುವಾಗ ಹಿಟ್ಟಿನ ಹೆಸರಿನ ಪಕ್ಕದಲ್ಲೇ ನಯಾಸಿನ್, ಕಬ್ಬಿಣ, ರೈಬೋಫ್ಲೇವಿನ್ ಜೊತೆಗೆ ಫೋಲಿಕ್ ಆಸಿಡ್ ಅನ್ನೋ ಹೆಸರೂ ಕಾಣುತ್ತೆ. ಅಮೆರಿಕದಲ್ಲಿ ಪೋಷಕಾಂಶ ಸೇರಿಸಿ ಮಾರುವ ಹಿಟ್ಟಿಗೆ ಇದನ್ನು ಹಾಕುವುದು 1998ರಿಂದ ಕಡ್ಡಾಯ. ಊರಿನಲ್ಲಿ ಅಕ್ಕನೋ ಅತ್ತಿಗೆಯೋ ಬಸುರಿ ಅಂತ ಗೊತ್ತಾದ ಕೂಡಲೇ ಡಾಕ್ಟರು ಬರೆದುಕೊಡುವ ಮಾತ್ರೆಯೂ ಇದೇ.

ಇದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಕಂಡುಕೊಂಡ ತಂಡದ ಮುಖ್ಯಸ್ಥರು ನಮ್ಮ ಹಾಗೆಯೇ ಹಡಗಿನಷ್ಟು ಆಸೆ, ಬೊಗಸೆಯಷ್ಟು ದುಡ್ಡು ಇಟ್ಟುಕೊಂಡು ಅಮೆರಿಕಕ್ಕೆ ಓದೋಕೆ ಬಂದವರು. ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದಲ್ಲಿ ಇವರ ಹೆಸರು ಕೇಳಿದವರು ಬಹಳ ಜನ ಇದ್ದಾರೆ. ಆದರೆ ಜೀವಶಾಸ್ತ್ರ ಓದಿದ ನಮ್ಮಲ್ಲೇ ಎಷ್ಟೋ ಜನರಿಗೆ ಅವರ ಕೆಲಸ ಗೊತ್ತು, ಹೆಸರು ಗೊತ್ತಿಲ್ಲ. ಈ ಸಲದ ಸಂಚಿಕೆಗೆ ಅವರ ಬಗ್ಗೆ ಬರೆಯೋಣ ಅನ್ನಿಸಿತು.

ಭೀಮಾವರಂನ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮಾವರಂನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯ. ನಮ್ಮ ಮಂಗಳೂರು, ಬಳ್ಳಾರಿಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹುಡುಗನಿಗೆ ಶಾಲೆ ಅಂದ್ರೆ ಅಷ್ಟಕ್ಕಷ್ಟೆ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಶ್ರೀಮಂತನಾಗ್ತೀನಿ ಅಂತ ಮನೆ ಬಿಟ್ಟು ಓಡಿಹೋಗಿದ್ದನಂತೆ. ದಾರಿಯಲ್ಲೇ ಹಿಡಿದು ವಾಪಸ್ ಕರೆತಂದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಫೇಲ್. ಅಷ್ಟರಲ್ಲಿ ತಂದೆಯೂ ತೀರಿಕೊಂಡರು. ತಾಯಿ ಮಾತ್ರ ಹಟ ಬಿಡಲಿಲ್ಲ. ಒಡವೆ ಮಾರಿ ಮಗನನ್ನು ಮದ್ರಾಸಿಗೆ ಕಳಿಸಿದರು. ಮೂರನೇ ಸಲ ಪಾಸಾಯಿತು.

ಮುಂದೆ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿ ಓದುವಾಗ ಮನಸ್ಸು ರಾಮಕೃಷ್ಣ ಮಿಷನ್ ಕಡೆಗೆ ವಾಲಿತು. ಸನ್ಯಾಸಿಯಾಗಬೇಕು ಅನ್ನೋ ಆಸೆ. ತಾಯಿ ಒಪ್ಪಲಿಲ್ಲ. ಜನಸೇವೆಯೇ ಮಾಡಬೇಕು ಅಂದ್ರೆ ವೈದ್ಯನಾಗಿಯೂ ಮಾಡಬಹುದಲ್ಲ ಅನ್ನೋ ತೀರ್ಮಾನಕ್ಕೆ ಬಂದು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. 1919ರಲ್ಲಿ ಶೇಷಗಿರಿ ಎಂಬುವರೊಂದಿಗೆ ಮದುವೆಯಾಯಿತು. ಓದಿಗೆ ಮಾವನ ಮನೆಯವರೂ ಕೈಜೋಡಿಸಿದರು.

ಅದು ಗಾಂಧೀಜಿಯ ಕರೆಗೆ ವಿದೇಶಿ ಬಟ್ಟೆ ಬಿಡುತ್ತಿದ್ದ ಕಾಲ. ಸುಬ್ಬರಾವ್ ಆಪರೇಷನ್ ಕೋಣೆಗೂ ಖಾದಿ ಉಡುಪನ್ನೇ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರಾಧ್ಯಾಪಕರಿಗೆ ಇದು ಹಿಡಿಸಲಿಲ್ಲ. ಬರವಣಿಗೆಯ ಪರೀಕ್ಷೆ ಚೆನ್ನಾಗಿ ಮಾಡಿದ್ದರೂ ಎಂ.ಬಿ.ಬಿ.ಎಸ್. ಪದವಿ ಸಿಗದೆ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಕೈಗೆ ಬಂತು. ಸರ್ಕಾರಿ ಕೆಲಸದ ಬಾಗಿಲು ಮುಚ್ಚಿತು. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಕೆಲಸ ಹಿಡಿದರು.

ಇದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲಿ ಬಿದ್ದಿತ್ತು. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಬೇನೆಗೆ ಬಲಿಯಾದರು. ನಿಲ್ಲದ ಭೇದಿ, ಹುಣ್ಣಾದ ನಾಲಿಗೆ, ತಿಂದದ್ದು ಮೈಗೆ ಹತ್ತುವುದಿಲ್ಲ, ರಕ್ತ ಬತ್ತಿಹೋಗುತ್ತದೆ. ವೈದ್ಯ ಓದಿದ ಮಗ ಮನೆಯಲ್ಲೇ ಇದ್ದರೂ ಕೊಡೋಕೆ ಮದ್ದೇ ಇರಲಿಲ್ಲ. ಈ ಕಾಯಿಲೆ ಯಾಕೆ ಬರುತ್ತೆ ಅಂತ ತಿಳಿಯಬೇಕಾದ್ರೆ ಸಂಶೋಧನೆ ಮಾಡಬೇಕು, ಅದಕ್ಕೆ ಹೊರದೇಶಕ್ಕೇ ಹೋಗಬೇಕು ಅಂತ ಅವರಿಗೆ ಅನ್ನಿಸಿತು.

ಬಾಸ್ಟನ್ನಿನ ರಾತ್ರಿಪಾಳಿ

1920ರ ದಶಕದ ಮೊದಲ ವರ್ಷಗಳಲ್ಲಿ, ಮಾವನ ನೆರವು ಮತ್ತು ಕಾಕಿನಾಡದ ಒಂದು ಧರ್ಮಸಂಸ್ಥೆಯ ಸಹಾಯ ನೆಚ್ಚಿಕೊಂಡು ಹಡಗು ಹತ್ತಿ ಬಾಸ್ಟನ್ನಿಗೆ ಬಂದಿಳಿದರು. ಹೆಂಡತಿ ಆಗ ಬಸುರಿ. ಕೆಲವು ವರ್ಷ ಓದಿ ಹಿಂದಿರುಗುವುದು ಅಂತ ಲೆಕ್ಕ.

ಹಾರ್ವರ್ಡಿನ ಟ್ರಾಪಿಕಲ್ ಮೆಡಿಸಿನ್ ಶಾಲೆಯಲ್ಲಿ ಸೀಟು ಇತ್ತು, ಸ್ಕಾಲರ್‌ಶಿಪ್ ಇರಲಿಲ್ಲ. ಅವರ ವೈದ್ಯ ಪ್ರಮಾಣಪತ್ರ ಇಲ್ಲಿ ರೋಗಿಗಳನ್ನು ನೋಡೋಕೆ ಸಾಲದು. ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಲಸಕ್ಕೆ ಸೇರಿದರು. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯೋದು, ವಾರ್ಡು ಒರೆಸೋದು. ಡಾಕ್ಟರಾಗಿ ಬಂದವರು ಆಸ್ಪತ್ರೆಯ ಆಳಾಗಿ ನಿಂತರು. ಹಗಲಲ್ಲಿ ತರಗತಿ, ರಾತ್ರಿ ಈ ಕೆಲಸ. ಊಟದ ಹಾಲ್‌ನಲ್ಲೋ ಲೈಬ್ರರಿಯಲ್ಲೋ ಗಂಟೆಗಟ್ಟಲೆ ಕೆಲಸ ಮಾಡಿ ಆಮೇಲೆ ಅಸೈನ್‌ಮೆಂಟ್ ಮುಂದೆ ಕೂರುವ ನಮ್ಮ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಟ್ಟೆಯ ಕಷ್ಟದ ನಡುವೆಯೇ ಊರಿನಿಂದ ಸುದ್ದಿ ಬಂತು. ಅವರು ಹೊರಟ ಮೇಲೆ ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತ್ತು. ಅಪ್ಪ ಆ ಮಗುವಿನ ಮುಖ ನೋಡಲೇ ಇಲ್ಲ.

ಸ್ನಾಯುವಿನೊಳಗಿನ ಚಿಲ್ಲರೆ

ಡಿಪ್ಲೊಮಾ ಮುಗಿದ ಮೇಲೆ ಸುಬ್ಬರಾವ್ ಹಾರ್ವರ್ಡಿನ ಜೀವರಸಾಯನಶಾಸ್ತ್ರ ವಿಭಾಗಕ್ಕೆ ಬಂದು ಸೈರಸ್ ಫಿಸ್ಕೆ ಅವರ ಜೊತೆ ಕೆಲಸ ಶುರುಮಾಡಿದರು. ರಕ್ತ, ಮೂತ್ರಗಳಲ್ಲಿ ರಂಜಕ, ಅಂದರೆ ಫಾಸ್ಫರಸ್, ಎಷ್ಟಿದೆ ಅಂತ ಅಳೆಯೋಕೆ ಆಗ ಸುಲಭದ ದಾರಿ ಇರಲಿಲ್ಲ. ಇವರಿಬ್ಬರೂ ಒಂದು ವಿಧಾನ ಕಂಡುಕೊಂಡರು. ಮಾದರಿಗೆ ಮಾಲಿಬ್ಡೇಟ್ ಮತ್ತು ಇನ್ನೊಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತೆ. ನೀಲಿ ಗಾಢವಾದಷ್ಟೂ ರಂಜಕ ಜಾಸ್ತಿ. 1925ರಲ್ಲಿ ಪ್ರಕಟವಾದ ಈ ಫಿಸ್ಕೆ-ಸುಬ್ಬರಾವ್ ವಿಧಾನವನ್ನು ಬಯೋಕೆಮಿಸ್ಟ್ರಿ ಲ್ಯಾಬ್‌ಗಳಲ್ಲಿ ಇಂದಿಗೂ ಕಲಿಸುತ್ತಾರೆ.

ಅಳೆಯೋಕೆ ಬಂತು ಅಂದ ಮೇಲೆ ಹುಡುಕಾಟ ಸುಲಭವಾಯಿತು. ಸ್ನಾಯುವಿನಲ್ಲಿ ರಂಜಕ ಯಾವ ರೂಪದಲ್ಲಿದೆ ಅಂತ ನೋಡುತ್ತಾ ಹೋದಾಗ 1927ರಲ್ಲಿ ಫಾಸ್ಫೋಕ್ರಿಯಾಟಿನ್ ಸಿಕ್ಕಿತು. ಇಂಗ್ಲೆಂಡಿನಲ್ಲೂ ಅದೇ ಹೊತ್ತಿಗೆ ಇದು ಪತ್ತೆಯಾಯಿತು. 1929ರಲ್ಲಿ ಎ.ಟಿ.ಪಿ. ಸಿಕ್ಕಿತು. ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಎ.ಟಿ.ಪಿ.ಯನ್ನು ಕಂಡುಹಿಡಿದರು.

ಎ.ಟಿ.ಪಿ. ಅಂದ್ರೆ ಏನು ಅಂತ ಬೇರೆ ವಿಷಯ ಓದುವವರಿಗೆ ಸರಳವಾಗಿ ಹೇಳ್ತೀನಿ. ನಾವು ತಿಂದ ಅನ್ನ, ಚಪಾತಿಯಲ್ಲಿ ಶಕ್ತಿ ಇದೆ, ಸರಿ. ಆದರೆ ಅದು ದೊಡ್ಡ ನೋಟು ಇದ್ದ ಹಾಗೆ. ಬಸ್ಸಿನ ಕಂಡಕ್ಟರ್ ಅದನ್ನು ತೆಗೆದುಕೊಳ್ಳೋದಿಲ್ಲ. ಜೀವಕೋಶ ಆ ನೋಟನ್ನು ಮುರಿಸಿ ಚಿಲ್ಲರೆ ಮಾಡಿಕೊಳ್ಳುತ್ತೆ. ಆ ಚಿಲ್ಲರೆಯೇ ಎ.ಟಿ.ಪಿ. ರೆಪ್ಪೆ ಮುಚ್ಚೋದು, ಹೃದಯ ಬಡಿಯೋದು, ನರದಲ್ಲಿ ಸಂದೇಶ ಹೋಗೋದು, ಎಲ್ಲದಕ್ಕೂ ಕೊಡಬೇಕಾದ್ದು ಈ ಚಿಲ್ಲರೆಯನ್ನೇ. ಇದು ಮೈಯಲ್ಲಿ ಯಾವಾಗಲೂ ಸ್ವಲ್ಪವೇ ಇರುತ್ತೆ. ಖರ್ಚಾದದ್ದು ಆಗಿಂದಾಗಲೇ ಮತ್ತೆ ತಯಾರಾಗುತ್ತೆ. ಹೀಗೆ ಒಂದು ದಿನದಲ್ಲಿ ತಯಾರಾಗುವ ಎ.ಟಿ.ಪಿ.ಯನ್ನೆಲ್ಲ ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ತೂಕದಷ್ಟೇ ಆಗುತ್ತೆ! ಇನ್ನು ಫಾಸ್ಫೋಕ್ರಿಯಾಟಿನ್ ಅಂದ್ರೆ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಅಮ್ಮ ಇಟ್ಟಿರುವ ಆಪತ್ಕಾಲದ ದುಡ್ಡು. ಹೊರಟುಹೋಗ್ತಿರೋ ಬಸ್ಸಿನ ಹಿಂದೆ ಓಡ್ತೀವಲ್ಲ, ಆ ಮೊದಲ ಹತ್ತು ಸೆಕೆಂಡು ಸ್ನಾಯುಗಳಿಗೆ ಬೇಕಾದ ಚಿಲ್ಲರೆ ಮುಖ್ಯವಾಗಿ ಈ ಡಬ್ಬಿಯಿಂದ ಬರುತ್ತೆ. ಜಿಮ್‌ಗೆ ಹೋಗುವ ಹುಡುಗರು ತಿನ್ನುವ ಕ್ರಿಯಾಟಿನ್ ಪುಡಿಯ ಹಿಂದಿರುವ ಲೆಕ್ಕವೂ ಇದೇ.

1930ರಲ್ಲಿ ಪಿಎಚ್.ಡಿ. ಬಂತು. ಇಷ್ಟೆಲ್ಲ ಆದರೂ ಹಾರ್ವರ್ಡಿನಲ್ಲಿ ಖಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿಗೆ ಸೇರಿದರು. ಸ್ವಲ್ಪ ಕಾಲದಲ್ಲೇ ಅಲ್ಲಿನ ಸಂಶೋಧನಾ ನಿರ್ದೇಶಕರಾದರು.

ಸೊಪ್ಪಿನೊಳಗಿನ ಮದ್ದು

ಈಗ ಮತ್ತೆ ಆ ಸ್ಪ್ರೂ ಕಾಯಿಲೆಗೆ ಬರೋಣ.

ಇದರ ಎಳೆಯೊಂದು ಶುರುವಾಗೋದು ಮುಂಬಯಿಯಲ್ಲಿ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಟ್ಟೆ ಗಿರಣಿಗಳ ಬಸುರಿ ಹೆಂಗಸರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯ ಕಾರಣ ಹುಡುಕುತ್ತಿದ್ದರು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ಕೊಟ್ಟರೆ ಹೆಂಗಸರು ಚೇತರಿಸಿಕೊಳ್ಳುತ್ತಾರೆ ಅಂತ ಅವರು ತೋರಿಸಿಕೊಟ್ಟರು. ಅದರಲ್ಲಿ ಏನೋ ಇದೆ, ಆದರೆ ಏನು ಅಂತ ಗೊತ್ತಿಲ್ಲ. 1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅಂಥದ್ದೇ ಒಂದು ವಸ್ತುವನ್ನು ಚಿಟಿಕೆಯಷ್ಟು ಹೊರತೆಗೆದರು. ಎಲೆಯಲ್ಲಿ ಸಿಕ್ಕಿದ್ದರಿಂದ, ಎಲೆಗಿರುವ ಲ್ಯಾಟಿನ್ ಪದದಿಂದ ಫೋಲಿಕ್ ಆಸಿಡ್ ಅಂತ ಹೆಸರಿಟ್ಟರು.

ಟನ್ನುಗಟ್ಟಲೆ ಸೊಪ್ಪು ಅರೆದು ಚಿಟಿಕೆ ತೆಗೆದರೆ ಎಷ್ಟು ರೋಗಿಗಳಿಗೆ ಸಾಕಾದೀತು? ಸುಬ್ಬರಾವ್ ಅವರ ತಂಡ ಈ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ, ಅದರ ರಚನೆ ಬಿಡಿಸಿ, 1945ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿ ತೋರಿಸಿತು. ಆ ಮಾತ್ರೆಯನ್ನು ಟಾಮ್ ಸ್ಪೈಸ್ ಎಂಬ ವೈದ್ಯರು ಕ್ಯೂಬಾ, ಪೋರ್ಟೊರಿಕೊಗಳಲ್ಲಿ ಸ್ಪ್ರೂ ರೋಗಿಗಳಿಗೆ ಕೊಟ್ಟರು. ರಕ್ತ ತುಂಬಿಕೊಂಡಿತು, ನಾಲಿಗೆಯ ಹುಣ್ಣು ಮಾಯಿತು, ಜನ ಎದ್ದು ಊಟಮಾಡತೊಡಗಿದರು. ಸಹೋದರರು ಹೋಗಿ ಎಷ್ಟೋ ವರ್ಷಗಳಾದ ನಂತರ ಆ ಬೇನೆಗೆ ಮದ್ದು ಸುಬ್ಬರಾವ್ ಅವರ ಕೈಯಲ್ಲೇ ತಯಾರಾಗಿತ್ತು.

ಇಷ್ಟು ಸಣ್ಣ ವಸ್ತು ಯಾಕೆ ಇಷ್ಟು ಮುಖ್ಯ ಅಂತ ಕೇಳಬಹುದು. ಒಂದು ಜೀವಕೋಶ ಎರಡಾಗಬೇಕಾದರೆ ಮೊದಲು ಡಿ.ಎನ್.ಎ.ಯ ಇನ್ನೊಂದು ಪ್ರತಿ ಮಾಡಿಕೊಳ್ಳಬೇಕು. ಆ ಪ್ರತಿಗೆ ಬೇಕಾದ ಕೆಲವು ಅಕ್ಷರಗಳನ್ನು ತಯಾರಿಸೋಕೆ ಫೋಲಿಕ್ ಆಸಿಡ್ ಬೇಕೇ ಬೇಕು. ನಮ್ಮ ಮೂಳೆಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ತಯಾರಿಸುತ್ತೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಪೂರ್ತಿ ಹೊಸದಾಗುತ್ತೆ. ಹಾಗಾಗಿ ಫೋಲಿಕ್ ಆಸಿಡ್ ಕೊರತೆಯಾದರೆ ಮೊದಲು ಏಟು ಬೀಳೋದು ರಕ್ತಕ್ಕೆ, ನಾಲಿಗೆಗೆ, ಕರುಳಿಗೆ. ಸ್ಪ್ರೂನಲ್ಲಿ ಹಾಳಾದ ಕರುಳು ಇದನ್ನು ಹೀರಿಕೊಳ್ಳಲ್ಲ. ಇದಿಲ್ಲದೆ ಕರುಳು ರಿಪೇರಿ ಆಗಲ್ಲ. ಆ ಚಕ್ರವನ್ನು ಈ ಮಾತ್ರೆ ಮುರಿಯುತ್ತೆ.

ಗರ್ಭದಲ್ಲಿರುವ ಕೂಸಿನ ಕಥೆಯೂ ಇದೇ. ಮಿದುಳು, ಬೆನ್ನುಹುರಿ ಆಗಬೇಕಾದ ನಾಳ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಎಷ್ಟೋ ಹೆಂಗಸರಿಗೆ ಅಷ್ಟರಲ್ಲಿ ಬಸುರಿ ಅಂತಲೇ ಗೊತ್ತಾಗಿರುವುದಿಲ್ಲ. ಅದಕ್ಕೇ ಗರ್ಭ ನಿಲ್ಲುವ ಮೊದಲಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಬೇಕು ಅನ್ನೋದು, ಅದಕ್ಕೇ ಬ್ರೆಡ್ಡಿನ ಹಿಟ್ಟಿಗೆ ಸೇರಿಸೋದು. ಹೀಗೆ ಸೇರಿಸಿದ್ದರಿಂದ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,300 ಮಕ್ಕಳು ಬೆನ್ನುಹುರಿ-ಮಿದುಳಿನ ದೋಷದಿಂದ ಪಾರಾಗುತ್ತಿದ್ದಾರೆ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿ.ಡಿ.ಸಿ. ಅಂದಾಜು ಮಾಡಿದೆ.

ನಮ್ಮ ಅಡುಗೆಯಲ್ಲೂ ಇದು ಧಾರಾಳವಾಗಿದೆ. ಪಾಲಕ್, ಮೆಂತ್ಯಸೊಪ್ಪು, ದಂಟು, ಹೆಸರುಕಾಳು, ಕಡಲೆಕಾಳು ಎಲ್ಲದರಲ್ಲೂ ಇರುತ್ತೆ. ಆದರೆ ಇದು ನೀರಿನಲ್ಲಿ ಕರಗಿಹೋಗುವ ಪೋಷಕಾಂಶ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಒಂದು ಪಾಲು ಸಿಂಕಿಗೆ ಹೋದಂತೆ. ನಮ್ಮ ಕಡೆ ಸೊಪ್ಪು-ಕಾಳು ಬೇಯಿಸಿ, ಕಟ್ಟು ಬಸಿದು, ಅದರಲ್ಲೇ ಬಸ್ಸಾರು ಮಾಡ್ತಾರಲ್ಲ, ಅದು ಬರೀ ರುಚಿಯ ಮಾತಲ್ಲ. ಹಾಸ್ಟೆಲ್ ರೂಮಿನಲ್ಲಿ ಅಡುಗೆ ಮಾಡಿಕೊಳ್ಳುವವರು ನೆನಪಿಟ್ಟುಕೊಳ್ಳಿ!

ಹೊಂದಿಕೊಳ್ಳದ ಬೀಗದ ಕೈ

ಬೆಳೆಯುವ ಕೋಶಕ್ಕೆಲ್ಲ ಫೋಲಿಕ್ ಆಸಿಡ್ ಬೇಕು ಅಂದ ಮೇಲೆ, ಹದ್ದುಮೀರಿ ಬೆಳೆಯುವ ಕ್ಯಾನ್ಸರ್ ಕೋಶಕ್ಕೂ ಬೇಕಲ್ಲವೇ? ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಫೋಲಿಕ್ ಆಸಿಡ್ ಜಾತಿಯ ಔಷಧ ಕೊಟ್ಟಾಗ ರೋಗ ಇನ್ನೂ ಚುರುಕಾದದ್ದನ್ನು ಕಂಡಿದ್ದರು. ಹಾಗಿದ್ದರೆ ಅದನ್ನು ತಡೆದರೆ ಹೇಗೆ?

ತಡೆಯುವ ವಸ್ತುಗಳನ್ನು ತಯಾರಿಸಿ ಕೊಟ್ಟದ್ದು ಸುಬ್ಬರಾವ್ ಅವರ ತಂಡ. ನೋಡೋಕೆ ಥೇಟ್ ಫೋಲಿಕ್ ಆಸಿಡ್, ಆದರೆ ಒಂದೆರಡು ಕಡೆ ಬದಲು. ಬೀಗದೊಳಗೆ ಹೋಗುತ್ತೆ, ತಿರುಗೋದಿಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತೆ. ನಿಜವಾದ ಬೀಗದ ಕೈಗೆ ಜಾಗವೇ ಇರೋದಿಲ್ಲ. ಕೋಶ ಡಿ.ಎನ್.ಎ. ತಯಾರಿಸಲಾಗದೆ ಸಾಯುತ್ತೆ. ಇಂಥ ಒಂದು ವಸ್ತು ಅಮಿನಾಪ್ಟೆರಿನ್. ಅದನ್ನು 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳು ಸುಧಾರಿಸಿದ್ದನ್ನು ಫಾರ್ಬರ್ 1948ರ ಜೂನ್‌ನಲ್ಲಿ ಪ್ರಕಟಿಸಿದರು. ಆ ಸುಧಾರಣೆ ಕೆಲವು ತಿಂಗಳಷ್ಟೇ ಉಳಿಯಿತು, ನಿಜ. ಆದರೆ ಅಲ್ಲಿಯವರೆಗೆ ಈ ರೋಗ ಬಂದ ಮಗುವಿಗೆ ವಾರಗಳ ಲೆಕ್ಕ ಮಾತ್ರ ಇತ್ತು. ಮದ್ದಿನಿಂದ ರಕ್ತದ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದು ಅನ್ನೋ ನಂಬಿಕೆ ಬಂದದ್ದೇ ಆಗ.

ಅಮಿನಾಪ್ಟೆರಿನ್‌ನ ತಮ್ಮನಂಥದ್ದು ಮೆಥೊಟ್ರೆಕ್ಸೇಟ್. ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದಕ್ಕೆ ಜಾಗ ಇದೆ. ಮನೆಯಲ್ಲಿ ಅಜ್ಜಿಗೋ ದೊಡ್ಡಮ್ಮನಿಗೋ ರುಮಟಾಯ್ಡ್ ಕೀಲುವಾತ ಇದ್ದರೆ ವಾರಕ್ಕೊಮ್ಮೆ ನುಂಗುವ ಸಣ್ಣ ಹಳದಿ ಮಾತ್ರೆ ನೋಡಿರಬಹುದು. ಅದು ಇದೇ. ಅದರ ಅಡ್ಡಪರಿಣಾಮ ತಗ್ಗಿಸೋಕೆ ಬೇರೆ ದಿನ ನುಂಗಲು ಕೊಡುವ ಇನ್ನೊಂದು ಮಾತ್ರೆ ಯಾವುದು ಗೊತ್ತಾ? ಫೋಲಿಕ್ ಆಸಿಡ್. ಎರಡೂ ಒಂದೇ ತಂಡದ ಕೂಸುಗಳು. ಒಂದು ಎಚ್ಚರಿಕೆ: ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಅಂದ್ರೆ ವಾರಕ್ಕೊಮ್ಮೆಯೇ. ಮರೆತು ದಿನಾ ನುಂಗಿದರೆ ಪ್ರಾಣಕ್ಕೆ ಬರುತ್ತೆ. ಫೋನ್ ಮಾಡಿದಾಗ ಮನೆಯ ಹಿರಿಯರಿಗೆ ಒಮ್ಮೆ ನೆನಪಿಸಿ.

ಆನೆಕಾಲಿನ ಮಾತ್ರೆ

ದಕ್ಷಿಣ ಕನ್ನಡ, ಉಡುಪಿ, ಕಲಬುರಗಿ, ಬೀದರ್ ಕಡೆಯ ಗೆಳೆಯರಿಗೆ ಒಂದು ನೆನಪಿರಬಹುದು. ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು, ಆನೆಕಾಲು ರೋಗಕ್ಕೆ ಅಂತ ಮಾತ್ರೆ ಕೊಟ್ಟು, ತಮ್ಮ ಎದುರಿಗೇ ನುಂಗಿಸುತ್ತಿದ್ದರು. ಆ ಡಿ.ಇ.ಸಿ. ಮಾತ್ರೆಯೂ 1947ರಲ್ಲಿ ಸುಬ್ಬರಾವ್ ಅವರ ಲೆಡರ್ಲೆ ಪ್ರಯೋಗಾಲಯದಿಂದಲೇ ಹೊರಬಂದದ್ದು. ಸೊಳ್ಳೆಯಿಂದ ಬರುವ ದಾರದಂಥ ಹುಳುಗಳು ದುಗ್ಧನಾಳಗಳಲ್ಲಿ ಸೇರಿಕೊಂಡು ಕಾಲು ಊದುವಂತೆ ಮಾಡುತ್ತವೆ. ಅವುಗಳ ಮರಿಗಳು ರಕ್ತದಲ್ಲಿ ಓಡಾಡುತ್ತವೆ. ಸೊಳ್ಳೆ ಆ ರಕ್ತ ಕುಡಿದು ಮುಂದಿನ ಮನೆಗೆ ರೋಗ ಒಯ್ಯುತ್ತೆ. ಡಿ.ಇ.ಸಿ. ಈ ಮರಿಗಳನ್ನು ರಕ್ತದಿಂದ ತೊಡೆದುಹಾಕುತ್ತೆ. ಅದಕ್ಕೇ ಕಾಲು ಊದದವರಿಗೂ ಮಾತ್ರೆ ಕೊಡೋದು. ನಾವು ಮುಖ ಸಿಂಡರಿಸಿಕೊಂಡು ನುಂಗಿದ್ದು ಪಕ್ಕದ ಮನೆಯವರಿಗಾಗಿಯೂ ಹೌದು.

ಟೆಟ್ರಾಸೈಕ್ಲಿನ್ ಜಾತಿಯ ಮೊದಲ ಆಂಟಿಬಯೋಟಿಕ್ ಆರಿಯೊಮೈಸಿನ್ ಕೂಡ ಅಲ್ಲಿಯದೇ. ಅದನ್ನು ಮಿಸೌರಿಯ ಹೊಲದ ಮಣ್ಣಿನಲ್ಲಿ ಕಂಡವರು ಬೆಂಜಮಿನ್ ಡಗ್ಗರ್. ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾಗಿ ಎಪ್ಪತ್ತು ದಾಟಿದ್ದ ಸಸ್ಯವಿಜ್ಞಾನಿ. ಅವರಿಗೆ ಕೆಲಸ ಮಾಡೋಕೆ ಲೆಡರ್ಲೆಯಲ್ಲಿ ಜಾಗ ಇತ್ತು. 1948ರಲ್ಲಿ ಆ ಔಷಧ ಜನರ ಕೈಗೆ ಬಂತು.

ಮನೆಗೆ ಹೋಗದವರು

ಇಷ್ಟು ಓದಿದ ಮೇಲೆ ಇವರೊಬ್ಬ ಗೆದ್ದ ಮನುಷ್ಯ ಅನ್ನಿಸುತ್ತೆ. ಪೂರ್ತಿ ಹಾಗನ್ನೋಕೆ ನನಗೆ ಮನಸ್ಸು ಬರೋದಿಲ್ಲ. ಭಾರತೀಯರು ಅಮೆರಿಕದ ಪೌರರಾಗುವಂತಿಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತ್ತು. 1946ರಲ್ಲಿ ಕಾನೂನು ಬದಲಾಗುವ ತನಕ ಅದೇ ಸ್ಥಿತಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಲ್ಲಿ ದುಡಿದ ಸುಬ್ಬರಾವ್ ಕೊನೆಯವರೆಗೂ ಪರದೇಶಿಯಾಗಿಯೇ ಉಳಿದರು. ಊರಿಗೂ ಒಮ್ಮೆಯೂ ಹಿಂದಿರುಗಲಿಲ್ಲ. ಈ ಒಂದು ಕೆಲಸ ಮುಗಿಯಲಿ ಅನ್ನುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಊರಿನಲ್ಲಿ ಶೇಷಗಿರಿ ಕಾದೇ ಇದ್ದರು. ಕೆಲವೇ ವರ್ಷ ಅಂತ ಹೊರಟ ಗಂಡನನ್ನು ಅವರು ಮತ್ತೆ ನೋಡಲಿಲ್ಲ. ಒಬ್ಬರ ಸಾಧನೆಯ ಖರ್ಚನ್ನು ಇನ್ನೊಬ್ಬರು ತುಂಬಿದ ಈ ಪಾಲು ಯಾವ ಪಠ್ಯಪುಸ್ತಕದಲ್ಲೂ ಬರೋದಿಲ್ಲ. ಕನಿಷ್ಠ ನಾವಾದರೂ ಅದನ್ನು ಬಿಟ್ಟು ಅವರ ಕಥೆ ಹೇಳಬಾರದು.

1948ರ ಆಗಸ್ಟ್‌ನಲ್ಲಿ, ಫಾರ್ಬರ್ ಅವರ ಲೇಖನ ಬಂದು ಎರಡು ತಿಂಗಳಾಗಿತ್ತು, ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಎಷ್ಟೋ ಕೆಲಸಗಳಲ್ಲಿ ಅವರು ಮುಂದೆ ನಿಲ್ಲದೆ ಸಹೋದ್ಯೋಗಿಗಳನ್ನೇ ಮುಂದೆ ಮಾಡುತ್ತಿದ್ದರು. ಹೆಸರು ಹೆಚ್ಚು ಹರಡದೇ ಇರೋಕೆ ಅದೂ ಒಂದು ಕಾರಣ. ಆಮೇಲೆ ಒಂದು ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಅಂತ ಅವರ ಹೆಸರಿಟ್ಟರು. ಹುಟ್ಟಿ ನೂರು ವರ್ಷವಾದಾಗ, 1995ರಲ್ಲಿ, ಭಾರತ ಸರ್ಕಾರ ಅಂಚೆಚೀಟಿ ತಂದಿತು.

ಎರಡು ಸಲ ಫೇಲಾದ ಹುಡುಗ, ಸರಿಯಾದ ಡಿಗ್ರಿ ಸಿಗದ ಡಾಕ್ಟರ್, ರಾತ್ರಿ ವಾರ್ಡು ಒರೆಸಿದ ವಿದ್ಯಾರ್ಥಿ. ಪರೀಕ್ಷೆಯೋ ವೀಸಾವೋ ಕೈಕೊಟ್ಟ ದಿನ ಇವರನ್ನು ನೆನೆಸಿಕೊಂಡರೆ ಸ್ವಲ್ಪ ಧೈರ್ಯ ಬರಬಹುದು. ಹಾಗೆಯೇ, ಕೆಲಸ ಮುಗಿಯಲಿ ಆಮೇಲೆ ಮಾಡೋಣ ಅಂತ ಮನೆಯ ಫೋನನ್ನು ಮುಂದೆ ಹಾಕಿದ ದಿನವೂ ಇವರನ್ನೇ ನೆನೆಸಿಕೊಳ್ಳಿ. ಇವತ್ತೇ ಒಂದು ಫೋನ್ ಮಾಡಿಬಿಡಿ.